ಗಾಜಿನ ಬಾಗಿಲು ಇಳಿಸಿದರೆ ಸಾಕು!

ಒಂದೇ ಒಂದು ಗಾಜು. ಮೇಲಕ್ಕೂ ಕೆಳಕ್ಕೂ ಸರಿಯುವ, ಎರಡು ಬೆರಳಲ್ಲಿ ಎಳೆದರೆ ಇಳಿದುಬಿಡುವ ಗಾಜು. ಅದರ ಹಿಂದೆ ಮನೆಗಟ್ಟಲೆ ಕರೆಂಟು ಅಡಗಿ ಕೂತಿದೆ ಎಂದರೆ ನಂಬುತ್ತೀರಾ?

ರಸಾಯನಶಾಸ್ತ್ರದ ಲ್ಯಾಬ್ ಹೊಕ್ಕವರು ಅದನ್ನು ಕಂಡೇ ಇರುತ್ತೀರಿ. ಗೋಡೆಗೆ ಆನಿಸಿದ ಬೀರುವಿನಂಥ ಪೆಟ್ಟಿಗೆ, ಮುಂದೆ ಗಾಜು, ಒಳಗೆ ಸದಾ ಗುಂಯ್ ಎನ್ನುವ ಸದ್ದು. ಅದೇ ಫ್ಯೂಮ್ ಹುಡ್. ವಿಷದ ಆವಿಯನ್ನು ಎಳೆದು ಸೂರಿನಾಚೆ ಬಿಡುವುದು ಅದರ ಕೆಲಸ. ಆದರೆ ಆವಿಯ ಜೊತೆಗೆ ಕೋಣೆಯ ಗಾಳಿಯೂ ಹೋಗುತ್ತದಲ್ಲ! ಚಳಿಗಾಲದಲ್ಲಿ ಬಿಸಿ ಮಾಡಿ, ಬೇಸಿಗೆಯಲ್ಲಿ ತಣಿಸಿ, ದುಡ್ಡು ಸುರಿದು ಒಳತಂದ ಗಾಳಿ ಅದು. ಆಫೀಸಿನಲ್ಲಾದರೆ ಅದನ್ನೇ ಮತ್ತೆ ಮತ್ತೆ ಸುತ್ತಿಸಬಹುದು. ಇಂಥ ಲ್ಯಾಬಿನಲ್ಲಿ ಆ ಮಾತೇ ಇಲ್ಲ. ಒಮ್ಮೆ ಬಂದದ್ದು ಚಿಮಣಿ ಹತ್ತಿ ಆಕಾಶಕ್ಕೇ, ಹಗಲೂ ರಾತ್ರಿ, ಯಾರಿರಲಿ ಬಿಡಲಿ. ತೂತು ಬಿಂದಿಗೆಗೆ ನೀರು ಸುರಿದ ಹಾಗೆ! ಅಮೆರಿಕದಲ್ಲಿ ಇಂಥ ಒಂದೇ ಹುಡ್ ವರ್ಷವೊಂದಕ್ಕೆ ನುಂಗುವ ಶಕ್ತಿ ಅಲ್ಲಿಯ ಮೂರು ಮನೆಗಳ ಬಳಕೆಗಿಂತ ಹೆಚ್ಚು ಎಂಬ ಅಂದಾಜಿದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನ ವಿಭಾಗ ಕೈಹಾಕಿದ್ದು ಈ ಗಾಜಿಗೇ. ಕೆಲಸ ಮುಗಿದ ಕೂಡಲೇ ಗಾಜು ಇಳಿಸಿ ಎಂದು ಲ್ಯಾಬ್ ಲ್ಯಾಬ್‌ಗಳ ನಡುವೆ ಪಂದ್ಯ ಹೂಡಿದರು, ಗುರಿ ಮುಟ್ಟಿದವರಿಗೆ ಔತಣವಿಟ್ಟರು. ಉಳಿತಾಯ? ವರ್ಷಕ್ಕೆ 2 ಲಕ್ಷ ಡಾಲರಿನ ಆಸುಪಾಸು! ಗಾಜು ಇಳಿದಂತೆ ಗಾಳಿಯನ್ನೂ ತಗ್ಗಿಸುವ ಹುಡ್‌ಗಳಲ್ಲಿ ಮಾತ್ರ ಈ ಪವಾಡ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಹಳೆಯ ಮಾದರಿಯವು ಮುಚ್ಚಿದರೂ ಅಷ್ಟೇ ಗಾಳಿ ಎಳೆಯುತ್ತವೆ.

ಇದರೊಳಗಿನ ಗಣಿತ ಕೇಳಿ, ಮೈ ಜುಮ್ಮೆನ್ನುತ್ತದೆ. ಗಾಳಿಯ ಹರಿವನ್ನು ಅರ್ಧ ಮಾಡಿದರೆ ಫ್ಯಾನಿಗೆ ಬೇಕಾಗುವ ಶಕ್ತಿ ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ! ಹರಿವು ಎಷ್ಟು ಪಟ್ಟು ತಗ್ಗಿತೋ, ಶಕ್ತಿ ಅದರ ಘನದಷ್ಟು ತಗ್ಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ ಈ ಗಣಿತವನ್ನೇ ಕಟ್ಟಡಕ್ಕೆ ಕಲಿಸಿತು. 2008ರಲ್ಲಿ ಶುರುವಾದ ಅವರ 'ಸ್ಮಾರ್ಟ್ ಲ್ಯಾಬ್ಸ್' ಯೋಜನೆಯಲ್ಲಿ ಲ್ಯಾಬ್ ತಾನೇ ಉಸಿರಾಡುತ್ತದೆ! ಕೋಣೆಕೋಣೆಯ ಗಾಳಿಯನ್ನು ಸಂವೇದಕಗಳು ಮೂಸಿ ನೋಡುತ್ತವೆ. ಗಾಳಿ ಶುದ್ಧವಾಗಿದ್ದರೆ ಜನ ಇರುವಾಗ ಗಂಟೆಗೆ ನಾಲ್ಕು ಸಲ, ಯಾರೂ ಇಲ್ಲದಾಗ ಎರಡೇ ಸಲ ಗಾಳಿ ಬದಲಾಗುತ್ತದೆ. ಎಲ್ಲೋ ಏನೋ ಚೆಲ್ಲಿತೆನ್ನಿ, ಆ ಕ್ಷಣವೇ ಫ್ಯಾನುಗಳು ಎದ್ದು ಕೂರುತ್ತವೆ. ಗುರಿ, ಲ್ಯಾಬ್ ಕಟ್ಟಡಗಳ ಶಕ್ತಿಬಳಕೆಯನ್ನು ಅರ್ಧಕ್ಕೆ ಇಳಿಸುವುದು. 2020ರೊಳಗೆ ಇಡೀ ಕ್ಯಾಂಪಸ್ಸಿನಲ್ಲಿ ಶೇ. 20 ಉಳಿಸುತ್ತೇವೆ ಎಂದು ಕೊಟ್ಟ ಮಾತನ್ನು ಅವರು ಏಳು ವರ್ಷ ಮೊದಲೇ ನಡೆಸಿಕೊಟ್ಟರು.

ಲ್ಯಾಬಿನಲ್ಲಿ ಕರೆಂಟು ನುಂಗುವುದು ಹುಡ್ ಒಂದೇ ಅಲ್ಲ. ಕೊಲರಾಡೋ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನವರು ಇನ್ನೊಂದು ಗುಟ್ಟು ಹಿಡಿದು ಸಾರುತ್ತಿದ್ದಾರೆ: ಲ್ಯಾಬಿನ ಮೈನಸ್ 80 ಡಿಗ್ರಿಯ ಫ್ರೀಜರನ್ನು ಮೈನಸ್ 70ಕ್ಕೆ ಇಟ್ಟರೆ ಮೂರನೆಯ ಒಂದು ಪಾಲಿನಷ್ಟು ಕರೆಂಟು ಉಳಿಯುತ್ತದೆ!

ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸಿದ್ದು ಬೇರೆಯೇ. ಉಳಿತಾಯವೆಂದರೆ ಸುರಕ್ಷತೆಗೆ ಕತ್ತರಿ ಎಂದುಕೊಂಡಿದ್ದೆ. ಇಲ್ಲಿ ತಿರುಗುಮುರುಗು! ಹುಡ್‌ನ ಗಾಜು ಇಳಿದಷ್ಟೂ ಆವಿ ಒಳಗೇ ಉಳಿಯುತ್ತದೆ. ಒಳಗೇನಾದರೂ ಸಿಡಿದರೆ ಸಂಶೋಧಕರ ಮುಖಕ್ಕೆ ಅದೇ ಗುರಾಣಿ. ಕರೆಂಟು ಉಳಿಸುವ ಕೈ, ಕಣ್ಣನ್ನೂ ಶ್ವಾಸಕೋಶವನ್ನೂ ಕಾಯುತ್ತದೆ.

ನಿಮ್ಮ ಮಗನೋ ಮಗಳೋ ಲ್ಯಾಬಿನಲ್ಲಿ ದುಡಿಯುತ್ತಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ: ಹುಡ್ ಬಿಟ್ಟು ಏಳುವಾಗ ಗಾಜು ಕೆಳಗೆಳೆದು ಬಾ.