ಅಮೀರಬಾಯಿ ಕರ್ನಾಟಕಿ: ವಿರಹಗೀತೆ ಮತ್ತು ಗಾಯಕಿಯ ಕರ್ತೃತ್ವ

ಬೀಳಗಿಯಲ್ಲಿ ಜನಿಸಿದ ಅಮೀರಬಾಯಿ ಕರ್ನಾಟಕಿ (ನಿಧನ: 1965) ಹಿಂದಿ ಚಿತ್ರಗೀತೆಯ ಆರಂಭಿಕ ಘಟ್ಟದ ಪ್ರಮುಖ ಗಾಯಕಿ. ‘ಕಿಸ್ಮತ್’ (1943) ಚಿತ್ರದ ಹಾಡುಗಳಂತೆ ‘ರತನ್’ (1944) ಚಿತ್ರದಲ್ಲಿ ಅವರು ಹಾಡಿದ ವಿರಹಗೀತೆಯೂ ಅಪಾರ ಜನಪ್ರಿಯತೆ ಪಡೆಯಿತು. ಅವರ ದಾಂಪತ್ಯ ಮುರಿದುಬಿದ್ದ ಸಂಗತಿಯನ್ನು ಬಲ್ಲವರಿಗೆ ಈ ಗೀತೆ ಆತ್ಮಕಥನವಾಗಿ ಕೇಳಿಸುವುದು ಸಹಜ.

ಈ ಓದು ಪ್ರಶ್ನಾರ್ಹವಾದುದು. ಬೀಸುವ ಪದದಲ್ಲಿ ಹಾಡುವವಳೇ ಪದ ಕಟ್ಟುವವಳೂ ಆಗಬಲ್ಲಳು. ಚಿತ್ರಗೀತೆಯಲ್ಲಿ ಹಾಗಲ್ಲ; ‘ರತನ್’ನಲ್ಲಿ ಮಾತು ಕವಿಯದು, ಧಾಟಿ ನೌಷಾದರದು, ದುಃಖ ಪಾತ್ರದ್ದು. ಗಾಯಕಿಯ ಸ್ವಂತ ಸೊತ್ತೆಂದರೆ ಕಂಠ ಮತ್ತು ಅದರಿಂದ ದೊರೆತ ಸ್ವಾವಲಂಬನೆ. ಆದ್ದರಿಂದ ಅವರ ಚೇತರಿಕೆಯ ನೆಲೆಯನ್ನು ಹಾಡಿನ ಅರ್ಥದಲ್ಲಿ ಅಲ್ಲ, ಹಾಡುವ ವೃತ್ತಿಯಲ್ಲಿ ಅರಸಬೇಕಾಗುತ್ತದೆ. ‘ಶಹನಾಜ್’ (1948) ಚಿತ್ರಕ್ಕೆ ಅವರೇ ಸಂಗೀತ ಸಂಯೋಜಿಸಿದರು. ಪರರ ಧಾಟಿಗೆ ದನಿಯಾಗಿದ್ದ ಗಾಯಕಿ ಇಲ್ಲಿ ಕರ್ತೃವಾದರು.