ಅಂಡಾಶಯದ ನೀರುಗುಳ್ಳೆ

1809ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನ ವೈದ್ಯ ಇಫ್ರೇಮ್ ಮ್ಯಾಕ್‌ಡವೆಲ್ಲನಿಗೆ ಬಲು ದೂರದಿಂದ ಕರೆ ಬಂದಿತು. ಜೇನ್ ಟಾಡ್ ಕ್ರಾಫರ್ಡ್ ಎಂಬ, ನಲವತ್ತೈದು ದಾಟಿದ ಗೃಹಿಣಿಗೆ ದಿನ ತುಂಬಿದೆ, ಹೊಟ್ಟೆಯಲ್ಲಿ ಅವಳಿ ಕೂಸುಗಳಿರಬೇಕು, ಆದರೂ ಹೆರಿಗೆಯಾಗುತ್ತಿಲ್ಲ ಎಂದು ಅಲ್ಲಿಯವರು ತಿಳಿದಿದ್ದರು. ಮ್ಯಾಕ್‌ಡವೆಲ್ಲನು ಹೋಗಿ ಪರೀಕ್ಷಿಸಿದನು. ಗರ್ಭಕೋಶ ಬರಿದಾಗಿತ್ತು. ಹೊಟ್ಟೆಯನ್ನು ತುಂಬಿದ್ದುದು ಮಗುವಲ್ಲ. ಅಂಡಾಶಯದಲ್ಲಿ ಬೆಳೆದ ಒಂದು ಗೆಡ್ಡೆ.

ಆ ಕಾಲದಲ್ಲಿ ಇದಕ್ಕೆ ಮದ್ದಿರಲಿಲ್ಲ. ಹೊಟ್ಟೆಯನ್ನು ಸೀಳಿದರೆ ಸಾವು ತಪ್ಪದೆಂಬುದು ಹೆಸರಾಂತ ಶಸ್ತ್ರವೈದ್ಯರ ಅಭಿಪ್ರಾಯವಾಗಿತ್ತು. ಮ್ಯಾಕ್‌ಡವೆಲ್ಲನು ಆಕೆಯಿಂದ ಏನನ್ನೂ ಮರೆಮಾಚಲಿಲ್ಲ. ಇಂತಹ ಗೆಡ್ಡೆಯನ್ನು ತೆಗೆದು ರೋಗಿಯನ್ನು ಉಳಿಸಿದ ಉದಾಹರಣೆ ತನಗೆ ತಿಳಿದಿಲ್ಲ. ಇದು ಪ್ರಯೋಗವೇ ಸರಿ. ಆದರೂ ಡ್ಯಾನ್‌ವಿಲ್‌ಗೆ ಬರುವುದಾದರೆ ಪ್ರಯತ್ನಿಸುವೆನು ಎಂದನು. ಜೇನ್ ಒಪ್ಪಿದಳು. ಚಳಿಗಾಲದ ಆ ದಿನಗಳಲ್ಲಿ ಅರುವತ್ತು ಮೈಲಿ ದೂರವನ್ನು, ಎಂದರೆ ಸುಮಾರು 96 ಕಿಲೋಮೀಟರನ್ನು, ಆಕೆ ಕುದುರೆಯ ಮೇಲೆಯೇ ಕ್ರಮಿಸಿದಳು. ಜೀನಿನ ಮುಂಗೊಂಬಿಗೆ ಗೆಡ್ಡೆ ಒರಗಿ ಒರಗಿ ಹೊಟ್ಟೆಯ ಚರ್ಮ ಕಂದಿಹೋಗಿತ್ತೆಂದು ವೈದ್ಯನು ಬರೆದಿಟ್ಟಿದ್ದಾನೆ.

ಡಿಸೆಂಬರ್ 25ರಂದು ಅವನ ಮನೆಯಲ್ಲಿಯೇ ಶಸ್ತ್ರಕ್ರಿಯೆ ನಡೆಯಿತು. ಈಥರ್ ಬಳಕೆಗೆ ಬರಲು ಇನ್ನೂ ಮೂವತ್ತೇಳು ವರ್ಷಗಳಿದ್ದುವು. ಜೇನ್ ಮೈಮೇಲೆ ಪ್ರಜ್ಞೆಯಿದ್ದಂತೆಯೇ ಮೇಜಿನ ಮೇಲೆ ಮಲಗಿ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದಳಂತೆ. ಎಡಮಗ್ಗುಲಲ್ಲಿ ಒಂಬತ್ತು ಅಂಗುಲದ ಸೀಳು. ಗೆಡ್ಡೆ ಇಡಿಯಾಗಿ ಹೊರಬರಲಾರದಷ್ಟು ದೊಡ್ಡದಾಗಿದ್ದುದರಿಂದ ಮೊದಲು ಅದನ್ನು ಕತ್ತರಿಸಿ ಒಳಗಿನ ಲೋಳೆಯಂತಹ ದ್ರವವನ್ನು ತೆಗೆಯಬೇಕಾಯಿತು. ಅದೇ ಹದಿನೈದು ಪೌಂಡು. ಬರಿದಾದ ಚೀಲ ಏಳೂವರೆ ಪೌಂಡು. ಒಟ್ಟು ಹತ್ತು ಕಿಲೋಗ್ರಾಮಿಗೆ ಮೀರಿದ ಭಾರ! ಇಪ್ಪತ್ತೈದು ನಿಮಿಷಗಳಲ್ಲಿ ಕೆಲಸ ಮುಗಿಯಿತು. ಜೇನ್ ಬದುಕಿದಳು, 1842ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ವೈದ್ಯನು ಅವಳಿಗಿಂತ ಹನ್ನೆರಡು ವರ್ಷ ಮೊದಲೇ ಸತ್ತನು.

ಮ್ಯಾಕ್‌ಡವೆಲ್ಲನು ಈ ವಿಷಯವನ್ನು ಪ್ರಕಟಿಸಿದುದು 1817ರಲ್ಲಿ, ಇನ್ನೆರಡು ಶಸ್ತ್ರಕ್ರಿಯೆಗಳ ವಿವರದೊಡನೆ. ಆ ಇಬ್ಬರೂ ಕಪ್ಪು ಜನಾಂಗದ ಸ್ತ್ರೀಯರು. ಲೇಖನದಲ್ಲಿ ಅವರ ಹೆಸರಿಲ್ಲ. ಅವರು ಅನುಭವಿಸಿದ ನೋವು ಜೇನಳದಕ್ಕಿಂತ ಕಡಮೆಯದಾಗಿರಲಿಲ್ಲ ಎಂಬುದನ್ನು ನಾವು ಇಲ್ಲಿ ನೆನೆದು ಮುಂದೆ ಸಾಗೋಣ.

ಅಷ್ಟು ದೊಡ್ಡದಾಗಿ ಬೆಳೆದ ಆ ವಸ್ತುವಾದರೂ ಏನು? ಅಂಡಾಶಯವೆಂಬುದು ಬಾದಾಮಿಯ ಆಕಾರದ, ಸುಮಾರು ಮೂರು ಸೆಂಟಿಮೀಟರ್ ಉದ್ದದ ಅವಯವ. ಗರ್ಭಕೋಶದ ಎರಡು ಪಕ್ಕಗಳಲ್ಲಿ ಒಂದೊಂದಿರುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅವುಗಳಲ್ಲಿ ಹತ್ತಿಪ್ಪತ್ತು ಲಕ್ಷ ಎಳೆಯ ಅಂಡಗಳಿರುತ್ತವೆ. ಅವುಗಳಲ್ಲಿ ಜೀವಮಾನದಲ್ಲೆಲ್ಲ ಪಕ್ವವಾಗಿ ಹೊರಬೀಳುವುವು ನಾನೂರರ ಆಸುಪಾಸು ಮಾತ್ರ. ಪ್ರತಿ ತಿಂಗಳೂ ಒಂದು ಅಂಡದ ಸುತ್ತ ನೀರು ತುಂಬಿದ ಪುಟ್ಟ ಚೀಲವೊಂದು ಬೆಳೆಯುತ್ತದೆ. ಸುಮಾರು ಎರಡು ಸೆಂಟಿಮೀಟರಿನಷ್ಟಾದಾಗ ಅದು ಒಡೆದು ಅಂಡ ಹೊರಬರುತ್ತದೆ. ಉಳಿದ ಚೀಲ ಹಳದಿ ಬಣ್ಣದ ಗ್ರಂಥಿಯಾಗಿ ಮಾರ್ಪಟ್ಟು, ಗರ್ಭ ನಿಲ್ಲದಿದ್ದರೆ ಎರಡು ವಾರಗಳಲ್ಲಿ ಬಾಡಿಹೋಗುತ್ತದೆ. ಹಾಲೆಂಡಿನ ಡಿ ಗ್ರಾಫನು 1672ರಲ್ಲಿ ಈ ಚೀಲಗಳನ್ನು ವರ್ಣಿಸಿ, ಇವೇ ಅಂಡಗಳೆಂದು ಭ್ರಮಿಸಿದ್ದನು. ನಿಜವಾದ ಅಂಡವನ್ನು ಫಾನ್ ಬೇಯರನು ನಾಯಿಯೊಂದರಲ್ಲಿ ಕಂಡುಹಿಡಿದುದು 1827ರಲ್ಲಿ. ಅಂಡಾಶಯದಲ್ಲಿ ಏನಿದೆಯೆಂದು ಸರಿಯಾಗಿ ತಿಳಿಯುವುದಕ್ಕೆ ಹದಿನೆಂಟು ವರ್ಷ ಮೊದಲೇ ಮ್ಯಾಕ್‌ಡವೆಲ್ಲನು ಅದನ್ನು ಕತ್ತರಿಸಿ ತೆಗೆದಿದ್ದನೆಂದಾಯಿತು!

ನೀರುಗುಳ್ಳೆಯನ್ನು ಕಟ್ಟುವುದು ಹೀಗೆ ಅಂಡಾಶಯದ ನಿತ್ಯದ ಕೆಲಸವೇ ಆಗಿದೆ. ಕೆಲವೊಮ್ಮೆ ಒಡೆಯಬೇಕಾದ ಚೀಲ ಒಡೆಯದೆ ಬೆಳೆಯುತ್ತ ಹೋಗುತ್ತದೆ. ಇಲ್ಲವೆ ಬಾಡಬೇಕಾದ ಹಳದಿ ಗ್ರಂಥಿಯಲ್ಲಿ ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ‘ಸಿಸ್ಟ್’ ಎಂಬ ಮಾತನ್ನು ಕೇಳಿ ಹೆದರುವವರಲ್ಲಿ ಬಹುಮಂದಿಗೆ ಇರುವುದು ಇದೇ. ಎರಡು ಮೂರು ಮುಟ್ಟುಗಳು ಕಳೆಯುವುದರೊಳಗೆ ಇವು ಸಾಮಾನ್ಯವಾಗಿ ತಾವಾಗಿ ಇಂಗಿಹೋಗುತ್ತವೆ. ತಾನಾಗಿ ಹೋಗದ ಗುಳ್ಳೆಗಳೂ ಉಂಟು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯದಲ್ಲಿ ನೆಲಸಿ, ತಿಂಗಳು ತಿಂಗಳೂ ರಕ್ತಸ್ರಾವವಾಗಿ, ಹಳೆಯ ರಕ್ತ ಕಂದುಬಣ್ಣದ ಗಟ್ಟಿ ದ್ರವವಾಗಿ ಶೇಖರವಾಗುವುದೊಂದು ಬಗೆ. ಇದನ್ನು ವೈದ್ಯರು ‘ಚಾಕೊಲೇಟ್ ಸಿಸ್ಟ್’ ಎಂದು ಕರೆಯುತ್ತಾರೆ. ಹೆಸರು ಸಿಹಿ, ನೋವು ಕಹಿ. ಜೇನಳದು ಪ್ರಾಯಶಃ ಲೋಳೆ ಸುರಿಸುವ ಜೀವಕೋಶಗಳಿಂದಾದ ಇನ್ನೊಂದು ಬಗೆ. ಅವು ಬೆಳೆಯಲು ಮಿತಿಯೇ ಇಲ್ಲವೇನೋ ಎಂಬಂತೆ ಬೆಳೆಯುತ್ತವೆ.

ಎಲ್ಲಕ್ಕಿಂತ ವಿಚಿತ್ರವಾದುದು ‘ಡರ್ಮಾಯ್ಡ್’. ಇದನ್ನು ಕತ್ತರಿಸಿದರೆ ಒಳಗೆ ಜಿಡ್ಡು, ಕೂದಲಿನ ಗಂಟು, ಒಮ್ಮೊಮ್ಮೆ ಹಲ್ಲು ಕೂಡ ಇರುವುದುಂಟು. ಹಿಂದಿನವರು ಇದನ್ನು ಕಂಡು ಮಾಟವೆಂದೋ ಪಾಪದ ಫಲವೆಂದೋ ಬೆದರಿದ್ದರೆ ಆಶ್ಚರ್ಯವಿಲ್ಲ. ನಿಜಾಂಶವಿಷ್ಟೆ: ಅಂಡವನ್ನು ಕೊಡಬೇಕಾದ ಜೀವಕೋಶಕ್ಕೆ ದೇಹದ ಯಾವ ಭಾಗವನ್ನಾದರೂ ನಿರ್ಮಿಸುವ ಶಕ್ತಿಯಿದೆ. ಅದು ಯಾವುದೋ ಕಾರಣದಿಂದ ತಾನೊಂದೇ ಬೆಳೆಯತೊಡಗಿದರೆ ಚರ್ಮ, ಕೂದಲು, ಹಲ್ಲುಗಳನ್ನು ಅಡ್ಡಾದಿಡ್ಡಿಯಾಗಿ ಮಾಡಿಡುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಅಪರೂಪವೇನಲ್ಲ. ಬಹುಮಟ್ಟಿಗೆ ನಿರಪಾಯಕರವಾದುದೂ ಹೌದು.

ಇನ್ನು ನೋವಿನ ಮಾತು. ಅಂಡಾಶಯದ ನರಗಳು ಬೆನ್ನುಹುರಿಯನ್ನು ಸೇರುವುದು ಹೊಕ್ಕುಳಿನ ಸುತ್ತಣ ಚರ್ಮದ ನರಗಳು ಸೇರುವ ಮಟ್ಟದಲ್ಲಿಯೇ. ಅಪೆಂಡಿಕ್ಸಿನ ನರಗಳೂ ಅಲ್ಲಿಗೇ ಬರುತ್ತವೆ. ಇದರಿಂದ ನೋವು ಎಲ್ಲಿಂದ ಬಂದಿತೆಂದು ಮಿದುಳಿಗೆ ಸ್ಪಷ್ಟವಾಗದು. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಭಾರ, ಸೊಂಟಕ್ಕೂ ತೊಡೆಗೂ ಇಳಿಯುವ ಎಳೆತ, ಮೂತ್ರಕ್ಕೆ ಪದೇ ಪದೇ ಹೋಗಬೇಕೆನ್ನಿಸುವುದು, ಬಸ್ಸು ಕುಲುಕಿದಾಗ ಹೊಟ್ಟೆಯನ್ನು ಹಿಡಿದುಕೊಳ್ಳುವಂತಾಗುವುದು, ಇವೆಲ್ಲ ತಿಂಗಳುಗಟ್ಟಲೆ ಇದ್ದು ಹೊರಗಿನವರಿಗೆ ಕಾಣಿಸದೆ ಹೋಗಬಹುದು. ನಮ್ಮ ಮನೆಗಳಲ್ಲಿ ಹುಡುಗಿ ಹೊಟ್ಟೆನೋವೆಂದರೆ ಓಮದ ಕಷಾಯ ಬರುತ್ತದೆ, ಬಿಸಿನೀರಿನ ಶಾಖ ಬರುತ್ತದೆ. ಹೆಣ್ಣಾದ ಮೇಲೆ ಇದು ಇದ್ದದ್ದೇ ಎಂಬ ಸಮಾಧಾನವೂ ಬರುತ್ತದೆ. ಶಾಖದಿಂದ ಸ್ವಲ್ಪ ಹಿತವಾಗುವುದು ನಿಜವೇ. ಆದರೆ ಮುಟ್ಟಿನ ನೋವು ಮುಟ್ಟಿನೊಡನೆ ಹೋಗಬೇಕು. ಮುಟ್ಟು ನಿಂತ ಮೇಲೆಯೂ ಉಳಿಯುವ, ಒಂದೇ ಪಕ್ಕವನ್ನು ಹಿಡಿದಿರುವ, ತರಗತಿಗೆ ಹೋಗಲಾರದಂತೆ ಮಾಡುವ ನೋವು ‘ಇದ್ದದ್ದೇ’ ಎಂಬ ವರ್ಗಕ್ಕೆ ಸೇರಿದುದಲ್ಲ. ಯಾವ ದಿನ, ಎಷ್ಟು ಹೊತ್ತು, ಎಲ್ಲಿ ನೋಯಿತೆಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರೆ ವೈದ್ಯರಿಗೆ ಅದು ಹತ್ತು ಪ್ರಶ್ನೆಗಳ ಉತ್ತರವಾಗುತ್ತದೆ.

ಒಂದು ಬಗೆಯ ನೋವಿಗೆ ಮಾತ್ರ ಪುಸ್ತಕ ಬರೆಯುತ್ತ ಕೂಡಲಾಗದು. ಅಂಡಾಶಯ ತೊಟ್ಟಿನಲ್ಲಿ ತೂಗುವ ಕಾಯಿಯಂತಿದೆ. ತೊಟ್ಟಿನೊಳಗೇ ರಕ್ತನಾಳಗಳು ಹಾದುಬರುತ್ತವೆ. ಐದು ಸೆಂಟಿಮೀಟರಿಗೆ ಮೀರಿದ ಗುಳ್ಳೆಯ ಭಾರಕ್ಕೆ ಕಾಯಿ ಮಗುಚಿ ತೊಟ್ಟು ತಿರುಚಿಕೊಳ್ಳುವುದುಂಟು. ಆಗ ತೆಳುಗೋಡೆಯ ಅಭಿಧಮನಿ ಮೊದಲು ಅಮುಕಿಹೋಗುತ್ತದೆ. ದಪ್ಪಗೋಡೆಯ ಅಪಧಮನಿ ಇನ್ನೂ ತೆರೆದೇ ಇರುತ್ತದೆ. ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗಲಾರದು. ಅಂಡಾಶಯ ಊದಿಕೊಂಡು ಕಪ್ಪಾಗುತ್ತದೆ; ಕೊನೆಗೆ ಅಪಧಮನಿಯೂ ಮುಚ್ಚಿಹೋಗುತ್ತದೆ. ಇದ್ದಕ್ಕಿದ್ದಂತೆ ಒಂದು ಪಕ್ಕದಲ್ಲಿ ತಡೆಯಲಾರದ ನೋವು, ಅದರೊಡನೆ ವಾಂತಿ, ಇವು ಇದರ ಲಕ್ಷಣಗಳು. ಗುಳ್ಳೆ ಒಡೆದು ಒಳಗೇ ರಕ್ತಸ್ರಾವವಾದಾಗಲೂ ನೋವು ಹಠಾತ್ತಾಗಿ ಬರುತ್ತದೆ. ತಲೆ ಸುತ್ತಿ ಬವಳಿ ಬರಬಹುದು. ಬೆಳಗಾಗಲಿ, ಪರೀಕ್ಷೆ ಮುಗಿಯಲಿ ಎಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ತಿರುಚನ್ನು ಬೇಗ ಬಿಡಿಸಿದರೆ ಕಪ್ಪಾಗಿ ಕಂಡ ಅಂಡಾಶಯವೂ ಚೇತರಿಸಿಕೊಂಡ ನಿದರ್ಶನಗಳು ಬಹಳ. ಗಂಟೆಗಳು ಕಳೆದಂತೆ ಆ ಆಸೆ ಕಡಮೆಯಾಗುತ್ತದೆ.

ಹೊಟ್ಟೆಯನ್ನು ತೆರೆಯದೆ ಒಳಗಿನ ಗುಳ್ಳೆಯನ್ನು ನೋಡುವ ಬಗೆಯನ್ನು ಜಗತ್ತಿಗೆ ಕೊಟ್ಟವನು ಗ್ಲಾಸ್ಗೊ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್. ಕಬ್ಬಿಣದ ತಗಡುಗಳಲ್ಲಿರುವ ಬಿರುಕನ್ನು ಶ್ರವಣಾತೀತ ಶಬ್ದದಿಂದ ಪತ್ತೆಮಾಡುವ ಯಂತ್ರಗಳು ಬಾಯ್ಲರ್ ಕಾರ್ಖಾನೆಗಳಲ್ಲಿದ್ದುವು. ಶಬ್ದದ ಅಲೆ ಬಿರುಕಿಗೆ ತಾಗಿ ಪ್ರತಿಧ್ವನಿಯಾಗಿ ಮರಳುವುದೇ ಅದರ ಮರ್ಮ. 1955ರ ಜುಲೈ ತಿಂಗಳಲ್ಲಿ ಡೊನಾಲ್ಡನು ತಾನು ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನೂ ಒಂದು ದೊಡ್ಡ ನೀರುಗುಳ್ಳೆಯನ್ನೂ ಕಾರಿನಲ್ಲಿ ಹಾಕಿಕೊಂಡು ರೆನ್‌ಫ್ರೂ ಎಂಬಲ್ಲಿದ್ದ ಅಂತಹ ಕಾರ್ಖಾನೆಗೆ ಹೋದನು. ಹೋಲಿಸಿ ನೋಡಲು ಕಾರ್ಖಾನೆಯವರು ಒಂದು ಮಾಂಸದ ತುಂಡನ್ನು ಒದಗಿಸಿದ್ದರು! ಗಟ್ಟಿಯಾದ ಗೆಡ್ಡೆಯಿಂದ ಬರುವ ಪ್ರತಿಧ್ವನಿಯೇ ಬೇರೆ, ನೀರುಗುಳ್ಳೆಯಿಂದ ಬರುವುದೇ ಬೇರೆ ಎಂಬುದು ಅಲ್ಲಿ ಕಂಡುಬಂದಿತು. ಅನಂತರ ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರನು ಅವನ ಜೊತೆಗೂಡಿದನು. ಹೊಟ್ಟೆಯ ಕ್ಯಾನ್ಸರ್ ಮಿತಿಮೀರಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಇತರರು ಕೈಬಿಟ್ಟಿದ್ದ ಸ್ತ್ರೀಯೊಬ್ಬಳನ್ನು ಅವರು ಯಂತ್ರದಡಿ ಪರೀಕ್ಷಿಸಿದರು. ಆಕೆಯ ಹೊಟ್ಟೆಯಲ್ಲಿದ್ದುದು ಭಾರಿ ಅಂಡಾಶಯದ ಗುಳ್ಳೆಯೆಂದು ತೋರಿತು. ಅದನ್ನು ತೆಗೆದರು, ಆಕೆ ಗುಣಹೊಂದಿದಳು. 1958ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಇಂದು ನಮ್ಮ ತಾಲ್ಲೂಕು ಊರುಗಳಲ್ಲಿಯೂ ಜನ ‘ಸ್ಕ್ಯಾನಿಂಗ್’ ಎನ್ನುವುದು ಇದರ ಸಂತತಿಯನ್ನೇ.

ಸ್ಕ್ಯಾನಿಂಗಿನಲ್ಲಿ ಗುಳ್ಳೆ ತೆಳುಗೋಡೆಯದಾಗಿ, ಬರಿಯ ನೀರಿನದಾಗಿ, ಚಿಕ್ಕದಾಗಿ ಕಂಡರೆ ವೈದ್ಯರು ಕೆಲವು ವಾರ ಕಾದು ಮತ್ತೆ ನೋಡೋಣವೆನ್ನುವರು. ಇದು ಉದಾಸೀನವಲ್ಲ, ಚಿಕಿತ್ಸೆಯ ಭಾಗ. ಗುಳ್ಳೆ ಬೆಳೆಯುತ್ತಿದ್ದರೆ, ನೋವು ಬಿಡದಿದ್ದರೆ, ಒಳಗೆ ಗಟ್ಟಿ ಭಾಗಗಳಿದ್ದರೆ ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಕ್ಯಾನ್ಸರಿನ ಶಂಕೆ ಮುಟ್ಟು ನಿಂತ ವಯಸ್ಸಿನವರಲ್ಲಿ ಹೆಚ್ಚು, ತರುಣಿಯರಲ್ಲಿ ವಿರಳ. ಹೊಕ್ಕುಳಿನ ಬಳಿ ಬೆರಳಗಲಕ್ಕೂ ಕಡಮೆಯಾದ ರಂಧ್ರವನ್ನು ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಡೇರೆಯಂತೆ ಉಬ್ಬಿಸಿ, ಲ್ಯಾಪರೋಸ್ಕೋಪ್ ಎಂಬ ದರ್ಶಕವನ್ನು ತೂರಿಸಿ, ಇನ್ನೆರಡು ಮೂರು ಸಣ್ಣ ರಂಧ್ರಗಳ ಮೂಲಕ ಕೆಲಸ ನಡೆಸುತ್ತಾರೆ. ಜರ್ಮನಿಯ ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಜೆಮ್ಮನು ಈ ಮಾರ್ಗವನ್ನು ಬೆಳೆಸಿದವರಲ್ಲಿ ಮುಖ್ಯನು; 1980ರಲ್ಲಿ ಅವನು ಹೀಗೆಯೇ ಅಪೆಂಡಿಕ್ಸನ್ನು ತೆಗೆದಾಗ ಸಹೋದ್ಯೋಗಿಗಳು ಮೆಚ್ಚುವುದಿರಲಿ, ಬಹಳವಾಗಿ ಖಂಡಿಸಿದರು. ತರುಣಿಯರಲ್ಲಿ ಸಾಧ್ಯವಾದಾಗಲೆಲ್ಲ ಕಿತ್ತಳೆಯ ಸಿಪ್ಪೆ ಬಿಡಿಸುವಂತೆ ಗುಳ್ಳೆಯನ್ನು ಮಾತ್ರ ಬಿಡಿಸಿ ಅಂಡಾಶಯವನ್ನು ಉಳಿಸುತ್ತಾರೆ. ಒಂದನ್ನು ತೆಗೆಯಲೇಬೇಕಾಗಿ ಬಂದರೂ ಇನ್ನೊಂದು ಆರೋಗ್ಯವಾಗಿದ್ದರೆ ಮುಟ್ಟಿಗೂ ತಾಯ್ತನಕ್ಕೂ ಅದು ಸಾಮಾನ್ಯವಾಗಿ ಸಾಕಾಗುತ್ತದೆ. ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಮಗಳ ನೋವನ್ನು ಮುಚ್ಚಿಡುವ ತಂದೆತಾಯಿಗಳಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಎಚ್ಚರವಾದ ಮೇಲೆ ರೋಗಿಗೆ ಹೊಟ್ಟೆಗಿಂತ ಹೆಗಲು ನೋಯುವುದುಂಟು! ಹೊಟ್ಟೆಯಲ್ಲಿ ಉಳಿದ ಅನಿಲ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕತ್ತಿನಿಂದ; ಹೆಗಲಿನ ಚರ್ಮದ ನರಗಳೂ ಅಲ್ಲಿಂದಲೇ. ಮಿದುಳು ವಿಳಾಸ ತಪ್ಪುತ್ತದೆ. ಎರಡು ಮೂರು ದಿನಗಳಲ್ಲಿ ಅನಿಲ ರಕ್ತದಲ್ಲಿ ಕರಗಿ ಉಸಿರಿನೊಡನೆ ಹೊರಹೋದಂತೆ ನೋವೂ ಹೋಗುತ್ತದೆ. ಅರಿವಳಿಕೆಯಿಂದ ಕರುಳಿನ ಚಲನೆ ಕೆಲಕಾಲ ಮಂದವಾಗಿರುತ್ತದೆ. ‘ಗಾಳಿ ಸರಿಯಿತೇ’ ಎಂದು ವೈದ್ಯರು ಕೇಳುವುದು ನಗೆಚಾಟಿಕೆಯಲ್ಲ, ಕರುಳು ಎಚ್ಚೆತ್ತಿತೇ ಎಂಬ ಪ್ರಶ್ನೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡರೆ ಹೊಲಿಗೆಯ ನೋವು ಕಡಮೆ. ಚರ್ಮ ವಾರದೊಳಗೆ ಕೂಡಿಕೊಂಡಂತೆ ಕಂಡರೂ ಒಳಪದರಗಳು ಬಲಗೊಳ್ಳಲು ವಾರಗಳು ಬೇಕು. ಆದಕಾರಣ ಲ್ಯಾಪರೋಸ್ಕೋಪಿನಿಂದ ಆದವರು ಒಂದೆರಡು ವಾರಗಳಲ್ಲಿ ಕಾಲೇಜಿಗೆ ಮರಳಬಹುದಾದರೂ ನೀರಿನ ಕೊಡವನ್ನು ಎತ್ತಲು ವೈದ್ಯರ ಅನುಮತಿ ಬೇಕು. ದೊಡ್ಡ ಸೀಳಾದವರಿಗೆ ಸುಮಾರು ಆರು ವಾರ. ಮಧ್ಯಾಹ್ನದ ಹೊತ್ತಿಗೇ ಸೋತುಹೋಗುವುದು, ಕಾರಣವಿಲ್ಲದೆ ಅಳು ಬರುವುದು, ಇವೂ ಕೆಲವು ದಿನ ಇರಬಹುದು. ಜ್ವರ, ಗಾಯ ಕೆಂಪಾಗಿ ಸೋರುವುದು, ಹೆಚ್ಚುತ್ತ ಹೋಗುವ ನೋವು, ನಿಲ್ಲದ ವಾಂತಿ, ಕಾಲಿನ ಮೀನಖಂಡದ ಬಾವು, ಇವಾದರೆ ಮಾತ್ರ ತಡಮಾಡಬಾರದು. ತೆಗೆದ ಗುಳ್ಳೆಯ ಪರೀಕ್ಷೆಯ ವರದಿಯನ್ನು ಜೋಪಾನವಾಗಿಡಬೇಕು. ಚಾಕೊಲೇಟ್ ಬಗೆಯದು ಮರುಕಳಿಸುವ ಸಂಭವವುಂಟು.

ಹಿಂದೆ ಇಂತಹ ರೋಗಿಯನ್ನು ಬಹಳ ದಿನ ಮಲಗಿಸಿಯೇ ಇಡುತ್ತಿದ್ದರು. ಈಗ ಅದೇ ಸಂಜೆಯೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ. ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ನಡಿಗೆಯೇ ಮದ್ದು. ಜೇನ್ ಕ್ರಾಫರ್ಡಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಐದು ದಿನಗಳಾದ ಮೇಲೆ ಮ್ಯಾಕ್‌ಡವೆಲ್ಲನು ನೋಡಲು ಹೋದಾಗ ಆಕೆ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳು. ಅವನು ಬೆರಗಾಗಿ, ಇನ್ನು ಮುಂದೆ ಹೀಗೆ ಮಾಡಕೂಡದೆಂದು ಎಚ್ಚರಿಸಿದನು. ಎದ್ದುದಕ್ಕಾಗಿ ಇಂದಿನ ವೈದ್ಯರಾರೂ ಆಕೆಯನ್ನು ಗದರಿಸಲಾರರು. ಒಂಬತ್ತು ಅಂಗುಲದ ಹೊಲಿಗೆಯನ್ನಿಟ್ಟುಕೊಂಡು ಹಾಸಿಗೆ ಎಳೆದಾಡಿದುದಕ್ಕಾಗಿ ಗದರಿಸಿಯಾರು. ಇಪ್ಪತ್ತೈದು ದಿನಗಳು ಕಳೆದ ಮೇಲೆ ಆಕೆ ಬಂದಂತೆಯೇ ಊರಿಗೆ ಮರಳಿದಳು.