ಗಾಯ್ಡರ್ ಗೆರೆ: ಆಚೆ ಕುರಿ, ಈಚೆ ಗೋಧಿ

ದಕ್ಷಿಣ ಆಸ್ಟ್ರೇಲಿಯಾದ ಬಯಲಲ್ಲಿ ಒಂದು ಗೆರೆ ಇದೆ. ನೆಲದ ಮೇಲೆ ಹುಡುಕಬೇಡಿ, ಕಾಣಲ್ಲ.

1865. ಕಡು ಬರ. ಮಳೆಯನ್ನ ಎಲ್ಲಿಯವರೆಗೆ ನಂಬಬಹುದು? ನೋಡೋಕೆ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆ ಏರಿ ಹೊರಟ. ಅವನು ಓದಿದ್ದು ಗಿಡಗಳನ್ನ. ದಕ್ಷಿಣಕ್ಕೆ ಮ್ಯಾಲೀ: ಬುಡದಿಂದಲೇ ಹಲವು ಕಾಂಡ ಒಡೆಯೋ ಕುಳ್ಳ ನೀಲಗಿರಿ. ಉತ್ತರಕ್ಕೆ ಸಾಲ್ಟ್‌ಬುಷ್: ಬೂದಿಬಣ್ಣದ ಪುಟ್ಟ ಎಲೆ, ಅಗಿದರೆ ಉಪ್ಪುಪ್ಪು. ಒಂದು ಮುಗಿದು ಇನ್ನೊಂದು ಶುರುವಾಗೋ ಕಡೆ ಗೆರೆ ಎಳೆದ. ಇವತ್ತಿನ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು 250 ಮಿಲಿಮೀಟರ್ ಮಳೆಯ ಅಂಚು. ಈಚೆ ಗೋಧಿ ಬೆಳೀಬಹುದು. ಆಚೆ ಕುರಿ ಮೇಯಿಸಿ, ಅಷ್ಟೇ.

ಆಮೇಲೆ ಕೆಲವು ವರ್ಷ ಮಳೆ ಚೆನ್ನಾಗಿ ಆಯ್ತು ನೋಡಿ, ಎಲ್ಲರಿಗೂ ಧೈರ್ಯ ಬಂತು. ನೇಗಿಲು ಹೋದ ಕಡೆ ಮಳೆ ಹಿಂದೆಯೇ ಬರುತ್ತೆ ಅಂತ ನಂಬಿದವರೂ ಇದ್ದರು! 1874ರಲ್ಲಿ ಸರ್ಕಾರವೇ ಗೆರೆಯಾಚೆ ಜಮೀನು ಬಿಟ್ಟುಕೊಟ್ಟಿತು. ಗಾಡಿಗಟ್ಟಲೆ ಸಂಸಾರಗಳು ಉತ್ತರಕ್ಕೆ ಹೊರಟವು, ಕಲ್ಲಿನ ಮನೆ ಕಟ್ಟಿದವು.

1880ರ ದಶಕದಲ್ಲಿ ಮಳೆ ಕೈಕೊಡ್ತು. ಜನ ವಾಪಸ್. ಸೂರಿಲ್ಲದ ಆ ಗೋಡೆ, ಚಿಮಣಿಗಳು ಇವತ್ತಿಗೂ ಅಲ್ಲಿವೆ. ಪ್ರವಾಸಿಗರು ನಿಂತು ಫೋಟೋ ತೆಗೀತಾರೆ.

ಈಗಿನ ಚಿಂತೆ ಬೇರೆ. ಹವಾಮಾನ ಬಿಸಿಯಾಗಿ ಒಣಗಿದಷ್ಟೂ ಗೆರೆ ದಕ್ಷಿಣಕ್ಕೆ ಸರಿಯಬಹುದು ಅಂತಾರೆ ವಿಜ್ಞಾನಿಗಳು. ಆ ಕಡೆ ಈಗ ಇರೋದು ಗೋಧಿ ಹೊಲಗಳು.